ಯಾರ ಹಂಗೂ ಇಲ್ಲದ ಲೈಬ್ರರಿ

ಎಕ್‌ಹಾರ್ಟ್ ನಾಯ್ಬರ್ಟ್ ಅವರು ಯಾರಿಗೂ 'ನೀನು' ಅಂದದ್ದನ್ನು ನಾನು ಕೇಳಿಲ್ಲ. ಇಪ್ಪತ್ತು ವರ್ಷ ಒಂದೇ ಮೇಜಿಗೆ ಕೂತವರಿಗೂ 'ನೀವು', ಅಂಗಳದ ಬೆಕ್ಕಿಗೂ 'ನೀವು'. ಬೆಕ್ಕು ಮೆಟ್ಟಿಲಿಗೆ ಅಡ್ಡ ಮಲಗಿದ್ದರೆ "ಸ್ವಲ್ಪ ದಾರಿ ಬಿಡ್ತೀರಾ?" ಎಂದು ಕೇಳಿ, ಅದು ಎದ್ದು ಹೋಗುವವರೆಗೆ ನಿಂತೇ ಇರುತ್ತಿದ್ದರು. ಇದನ್ನು ಮರ್ಯಾದೆ ಎಂದುಕೊಂಡವರು ಬಹಳ ಜನ. ನಾನೂ ಹಾಗೇ ಎಂದುಕೊಂಡಿದ್ದೆ. ಅದು ಜನರನ್ನು ಒಂದು ಮಾರು ದೂರ ಇಡುವ ರೀತಿ ಎಂದು ತಿಳಿಯುವುದಕ್ಕೆ ನನಗೆ ಹತ್ತು ವರ್ಷ ಹಿಡಿಯಿತು.

ಕೆಮ್ನಿಟ್ಸ್‌ನಲ್ಲಿ ಹಳೆಯ ನೇಯ್ಗೆ ಶಾಲೆಯ ಕಟ್ಟಡವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಾಯ್ಲರ್, ಬೀಗ, ಹಿಮ ಬಿದ್ದರೆ ಮೆಟ್ಟಿಲಿಗೆ ಮರಳು. ನೆಲಮಾಳಿಗೆಯ ಎರಡು ಕೋಣೆಯನ್ನು ಕಂಪ್ಯೂಟರ್ ಸಂಘಕ್ಕೆ ಕೊಟ್ಟಿದ್ದೆವು. ಸಂಘದವರು ಹೋದ ಮೇಲೆ ನಾನು ಬೀಗ ಹಾಕಬೇಕು, ಆದ್ದರಿಂದ ಅವರು ಇರುವಷ್ಟು ಹೊತ್ತು ನಾನೂ ಒಂದು ಮೂಲೆಯಲ್ಲಿ ಕೂತಿರುತ್ತಿದ್ದೆ. ಅವರ ವಿದ್ಯೆಯನ್ನು ನಾನು ಕಲಿತಿಲ್ಲ. ಕೂತು ನೋಡಿ ಎಷ್ಟು ತಿಳಿಯುತ್ತದೋ ಅಷ್ಟು ತಿಳಿದಿದೆ.

ನಾಯ್ಬರ್ಟ್ ಅವರು ಎಡಗೈಯನ್ನು ಬೆನ್ನ ಹಿಂದೆ ಇಟ್ಟು, ಬಲಗೈಯೊಂದನ್ನೇ ಬೀಸಿ ನಡೆಯುತ್ತಿದ್ದರು. ಬೇಸಿಗೆಯಿರಲಿ ಚಳಿಯಿರಲಿ, ಮೈಮೇಲೆ ಬೂದು ಬಣ್ಣದ ಕಾರ್ಖಾನೆಯ ಕೋಟು. ಎದೆಯ ಮೇಲೆ ಕಾರ್ಖಾನೆಯ ಹೆಸರಿನ ಪಟ್ಟಿ ಇದ್ದ ಜಾಗದಲ್ಲಿ ಬಟ್ಟೆ ಇನ್ನೂ ಗಾಢವಾಗಿತ್ತು. ಅವರೇ ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಆ ಪಟ್ಟಿಯನ್ನು ತೆಗೆದದ್ದು. ಆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಮಗ್ಗಗಳನ್ನು ನಡೆಸುವ ಪ್ರೋಗ್ರಾಂ ಬರೆದಿದ್ದರಂತೆ. ಪೂರ್ವ ಪಶ್ಚಿಮಗಳ ನಡುವಿನ ಗೋಡೆ ಬಿದ್ದು ದೇಶ ಒಂದಾದ ಮೇಲೆ ಕಾರ್ಖಾನೆ ಪಶ್ಚಿಮದವರ ಕೈಗೆ ಹೋಯಿತು. ಹೊಸ ಧಣಿಗಳು ಮೂರೇ ತಿಂಗಳಲ್ಲಿ ಬಾಗಿಲು ಮುಚ್ಚಿ, ನಕ್ಷೆ, ಟೇಪು, ಕೋಡು ಎಲ್ಲವನ್ನೂ ಲಾರಿಗೆ ತುಂಬಿಕೊಂಡು ಹೊರಟುಹೋದರು. ಊರೂರಿನಲ್ಲಿ ಓಡುತ್ತಿದ್ದ ಮಗ್ಗಗಳು ಕೆಟ್ಟಾಗ ಸರಿಮಾಡಲು ಯಾರ ಬಳಿಯೂ ಏನೂ ಉಳಿದಿರಲಿಲ್ಲ. ಒಂದೊಂದಾಗಿ ಗುಜರಿಗೆ ಬಿದ್ದವು. ಆ ವಿಷಯವನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಬಾಯ್ಲರ್ ಕೋಣೆಯಲ್ಲಿ.

"ಅವತ್ತೇ ತೀರ್ಮಾನ ಮಾಡ್ದೆ," ಅಂದರು. "ಇನ್ನು ನಾನು ಮಾಡೋದು ಯಾವುದೂ ಒಬ್ಬನ ಕೈಲಿ ಇರಕೂಡ್ದು. ನನ್ನ ಕೈಲೂ ಇರಕೂಡ್ದು. ನಾನು ಸತ್ತರೂ ಯಾರ ಹಂಗೂ ಇಲ್ದೆ ಓಡ್ಬೇಕು."

ಹಾಗೆ ಓಡಬೇಕಾದದ್ದು ಅವರ ಲೈಬ್ರರಿ. ಲೈಬ್ರರಿ ಅಂದರೆ ಪುಸ್ತಕದ್ದಲ್ಲ. ಬೇರೆ ಪ್ರೋಗ್ರಾಮುಗಳು ತಮ್ಮ ಒಂದು ಕೆಲಸವನ್ನು ಒಪ್ಪಿಸಿ ಮಾಡಿಸಿಕೊಳ್ಳುವ ಕೋಡಿನ ಕಟ್ಟಿಗೂ ಆ ಜನ ಹಾಗೇ ಅನ್ನುತ್ತಾರೆ. ನಾಯ್ಬರ್ಟ್ ಅವರದ್ದು ಅಚ್ಚಿನ ಅಕ್ಷರವನ್ನು ಕುರುಡರು ಓದುವ ಬ್ರೈಲ್ ಚುಕ್ಕಿಗಳಿಗೆ ತಿರುಗಿಸುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ಫಿಂಗರ್‌ಹುಟ್, ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿ. ಗ್ರಾತ್ಸ್‌ನಲ್ಲಿ, ಬೆರ್ನ್‌ನಲ್ಲಿ, ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಬ್ರೈಲ್ ಮುದ್ರಿಸುವವರು ಅದನ್ನು ಬಳಸುತ್ತಿದ್ದರು. ಎಲ್ಲ ಬಿಟ್ಟಿ. ಕೋಡೂ ಬಿಚ್ಚಿಟ್ಟದ್ದು, ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅಂತರ್ಜಾಲದಲ್ಲಿ ಅದರ ಪುಟದ ಮೊದಲ ಸಾಲೇ ಹೀಗಿತ್ತು: ಇದಕ್ಕೆ ಯಾರೂ ಬೇಕಿಲ್ಲ. ಸೋರ್ಸ್ ತೆಗೆದುಕೊಳ್ಳಿ, ಮೂರು ಆಜ್ಞೆ ಕೊಡಿ, ನಿಮ್ಮ ಯಂತ್ರದಲ್ಲಿ ನೀವೇ ಕಟ್ಟಿಕೊಳ್ಳಿ.

ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಎರಡಕ್ಕೆ ಸಂಘ ಸೇರುತ್ತಿತ್ತು. ಅಧ್ಯಕ್ಷೆ ಸಿಲ್ಕೆ ಆನರ್ಟ್, ಶಾಲೆಯಲ್ಲಿ ಗಣಿತ ಹೇಳುವವರು, ಮನೆಯಲ್ಲಿ ಮಾಡಿದ ಕೇಕು ತರುತ್ತಿದ್ದರು. ಎಲ್ಲರೂ ಕೇಕಿಗೆ ಮುಗಿಬಿದ್ದಾಗ ನಾಯ್ಬರ್ಟ್ ತಮ್ಮ ಡೆಸ್ಕ್‌ಟಾಪ್ ಮುಂದೆ ನಿಂತು ಫಿಂಗರ್‌ಹುಟ್ ಅನ್ನು ಸೋರ್ಸಿನಿಂದ ಕಂಪೈಲ್ ಮಾಡುತ್ತಿದ್ದರು, ಅಂದರೆ ಮನುಷ್ಯರು ಓದುವ ಕೋಡನ್ನು ಯಂತ್ರ ಓಡಿಸುವ ಹಾಗೆ ಕಟ್ಟುವುದು. ಆ ಡೆಸ್ಕ್‌ಟಾಪ್ ಅವರೇ ಜೋಡಿಸಿದ್ದು. ಪಕ್ಕದ ತಗಡು ಹಾಕಿರಲಿಲ್ಲ, ಒಳಗಿನ ಫ್ಯಾನು ಕಾಣುತ್ತಿತ್ತು. ಬಿಡಿಭಾಗ ಎಷ್ಟು ಬದಲಾದರೂ ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹಾಗೇ ಹೊಸದಕ್ಕೆ ಸುರಿದುಕೊಳ್ಳುತ್ತಿದ್ದರೇ ಹೊರತು ಒಮ್ಮೆಯೂ ಖಾಲಿಯಿಂದ ಶುರುಮಾಡಿದ್ದಿಲ್ಲ. ಕಪ್ಪು ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು. ಕಟ್ಟಿ ಮುಗಿದ ಮೇಲೆ ನಿಘಂಟಿನ ಪ್ರತಿ ಪದವನ್ನೂ ತಿರುಗಿಸಿ ಪರೀಕ್ಷೆ. ಎಲ್ಲ ಸೇರಿ ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಅವರು ಕೂರುತ್ತಿರಲಿಲ್ಲ. ಮುಗಿದಾಗ "ಆಯ್ತು" ಎನ್ನುವರು, ಸಿಲ್ಕೆ ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯುವರು: ಫಿಂಗರ್‌ಹುಟ್, ನಲವತ್ತೊಂದು ನಿಮಿಷ, ಯಶಸ್ವಿ. ಹಾಗೆ ಕಟ್ಟಿದ್ದನ್ನು ನಾಯ್ಬರ್ಟ್ ಪುಟಕ್ಕೆ ಏರಿಸುತ್ತಿದ್ದರು. ಲೋಕವೆಲ್ಲ ಇಳಿಸಿಕೊಳ್ಳುತ್ತಿದ್ದುದು ಈ ಕಟ್ಟಿದ್ದನ್ನೇ.

"ಬೇಯಿಸಿದ್ದೇ ಬೇಕು ಇವ್ರಿಗೆ," ಅನ್ನುತ್ತಿದ್ದರು. "ಒಬ್ಬನಾದ್ರೂ ಅಕ್ಕಿ ತೊಳೆಯಲ್ಲ."

ಅಕ್ಕಿ ತೊಳೆಯಲು ಹೊರಟವರು ಒಬ್ಬರಿದ್ದರು. ರೋಸ್‌ವಿಟಾ ಕ್ಲೆಮ್, ಗುಡ್ಡದ ಮೇಲಿನ ಅನ್ನಾಬೆರ್ಗ್‌ನಲ್ಲಿ ಸಣ್ಣ ಬ್ರೈಲ್ ಮುದ್ರಣಾಲಯ ನಡೆಸುವವರು, ಹುಟ್ಟುಗುರುಡಿ. ಫಿಂಗರ್‌ಹುಟ್‌ನಲ್ಲಿ ಅವರ ಬೆರಳಿಗೆ ಒಂದು ತಪ್ಪು ಸಿಕ್ಕಿತ್ತು. ಎರಡು ಪದ ಸೇರಿ ಒಂದಾಗುವ ಕಡೆ, ಸರಿಯಾಗಿ ಬೆಸುಗೆಯ ಮೇಲೆಯೇ ಒಂದು ಸಂಕ್ಷೇಪದ ಗುರುತು, ಅಂದರೆ ಹಲವು ಅಕ್ಷರಗಳ ಬದಲಿಗೆ ಹಾಕುವ ಒಂದೇ ಗುರುತು, ಕೂತುಬಿಡುತ್ತಿತ್ತು. ಓದುವ ಮಕ್ಕಳ ಬೆರಳು ಅಲ್ಲಿ ಎಡವುತ್ತಿತ್ತು. ತಾವೇ ತಿದ್ದೋಣ ಎಂದು ಸೋರ್ಸ್ ತೆಗೆದುಕೊಂಡು ಮೂರು ಆಜ್ಞೆ ಕೊಟ್ಟರು. ಆಗಲಿಲ್ಲ. 'ಟ್ಯಾಬ್2' ಎಂಬ ಫೈಲು ಸಿಗುತ್ತಿಲ್ಲ ಎಂದು ಯಂತ್ರ ನಿಂತುಬಿಟ್ಟಿತು. ಪುಟದಲ್ಲಿ ದೂರು ಬರೆದರು. ನಾಯ್ಬರ್ಟ್ ಉತ್ತರ ಕೊಟ್ಟರು: "ನನ್ನಲ್ಲಿ ಆಗುತ್ತೆ. ಜೊತೆಗಿರುವ ಸೂಚನೆ ಓದಿ." ಕೆಳಗೆ ಮುದ್ರೆ: ಮುಕ್ತಾಯ. ಆರು ವರ್ಷದಲ್ಲಿ ನಾಲ್ಕು ಸಲ ಬರೆದರು. ನಾಲ್ಕು ಸಲವೂ ಅದೇ ಸಾಲು, ಅದೇ ಮುದ್ರೆ.

'ನನ್ನಲ್ಲಿ ಆಗುತ್ತೆ' ಅನ್ನುವುದು ನಾಯ್ಬರ್ಟ್ ಅವರ ಬಾಯಿಗೆ ಅಂಟಿದ ಮಾತು. ಬೀಗ ಗಟ್ಟಿ ಅಂದರೂ, ಹೀಟರ್ ತಣ್ಣಗಿದೆ ಅಂದರೂ ಅದೇ. ನಾವು ನಗುತ್ತಿದ್ದೆವು.

ಒಂದು ಶನಿವಾರ ಕ್ಲೆಮ್ ತಾವೇ ಬಸ್ಸು ಹಿಡಿದು ಬಂದರು. ಕೋಲು ತಟ್ಟುತ್ತ ಮೆಟ್ಟಿಲಿಳಿದು, ಹೆಗಲ ಚೀಲದಿಂದ ತಮ್ಮ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟರು. ಐವತ್ತರ ಆಚೀಚಿನ, ದೊಡ್ಡ ದನಿಯ ಹೆಂಗಸು.

"ನಾಯ್ಬರ್ಟ್ ಯಾರಪ್ಪಾ ಇಲ್ಲಿ? ಬರೆದು ಬರೆದು ಜಗಳ ಆಡಿ ಸಾಕಾಯ್ತು, ಬಾಯಲ್ಲಾದ್ರೂ ಆಡೋಣ ಅಂತ ಬಂದೆ."

ಎಲ್ಲರೂ ನಕ್ಕರು. ನಾಯ್ಬರ್ಟ್ ನಗಲಿಲ್ಲ. "ಏನು ತೊಂದರೆ ಹೇಳಿ, ಕ್ಲೆಮ್ ಅವರೇ."

"ಆರು ವರ್ಷದಿಂದ ಅದನ್ನೇ ಹೇಳ್ತಿದೀನಿ. ಕಟ್ಟೋಕಾಗ್ತಿಲ್ಲ."

"ಸೂಚನೆ ಓದಿದ್ರಾ?"

"ಬಾಯಿಪಾಠ ಬರುತ್ತೆ. ಹೇಳ್ಲಾ?"

"ಸರಿಯಾಗಿ ನೋಡಿರಲ್ಲ ನೀವು."

ಕ್ಲೆಮ್ ಅವರೇ ಮೊದಲು ನಕ್ಕದ್ದು. "ನೋಡೋದೊಂದನ್ನ ಬಿಟ್ಟು ಎಲ್ಲಾ ಮಾಡಿದೀನಿ ಸ್ವಾಮಿ. ಹೋಗ್ಲಿ, ಹಿಂದೆ ಒಂದ್ಸಲ ನಿಮಗೊಂದು ಪಟ್ಟಿ ಕಳಿಸಿದ್ದೆ, ಸಂಕ್ಷೇಪಗಳದ್ದು. ನೆನಪಿದೆಯಾ?"

"ಬಹಳ ಜನ ಬಹಳ ಕಳಿಸ್ತಾರೆ."

ಅವರ ಲ್ಯಾಪ್‌ಟಾಪ್ ಕಡೆ ನಾಯ್ಬರ್ಟ್ ತಿರುಗಿಯೂ ನೋಡಲಿಲ್ಲ. ತಮ್ಮ ಡೆಸ್ಕ್‌ಟಾಪಿನಲ್ಲಿ ಮೂರು ಆಜ್ಞೆ ಕೊಟ್ಟರು. ಸಾಲುಗಳು ಓಡಿದವು. "ಕೇಳಿಸ್ತಾ, ಫ್ಯಾನ್ ಸದ್ದು? ಕಟ್ತಾ ಇದೆ. ತೊಂದರೆ ನಿಮ್ಮ ಯಂತ್ರದ್ದು." ಕ್ಲೆಮ್ ಸ್ವಲ್ಪ ಹೊತ್ತು ಆ ಸದ್ದಿನ ಕಡೆಗೆ ಮುಖಮಾಡಿ ಕೂತಿದ್ದರು. ಸಿಲ್ಕೆ ಕೊಟ್ಟ ಕೇಕು ತಿಂದು, ಚೆನ್ನಾಗಿದೆ ಅಂದು, ನಾಲ್ಕರ ಬಸ್ಸಿಗೆ ಹೊರಟರು. ನಾನು ನಿಲ್ದಾಣದವರೆಗೆ ಹೋದೆ. ದಾರಿಯಲ್ಲಿ ಒಂದೇ ಮಾತು ಆಡಿದರು: "ಒಳ್ಳೇ ಕೆಲಸಗಾರ ಕಣ್ರಿ. ಅದಕ್ಕೇ ಹೊಟ್ಟೆ ಉರಿಯೋದು." ಐದನೆಯ ದೂರು ಬರಲಿಲ್ಲ.

ಮುಂದಿನ ವರ್ಷ ಫಿಂಗರ್‌ಹುಟ್‌ಗೆ ಅದೃಷ್ಟ ಬಂತು. ರಾಜ್ಯದ ಕುರುಡು ಮಕ್ಕಳ ಪುಸ್ತಕಗಳನ್ನೆಲ್ಲ ಇನ್ನು ಮೇಲೆ ಒಂದೇ ಸಾಫ್ಟ್‌ವೇರಿನಿಂದ ಮಾಡಬೇಕೆಂದು ತೀರ್ಮಾನವಾಗಿತ್ತು. ಕಡೆಗೆ ಉಳಿದದ್ದು ಎರಡು: ಒಂದು ಕಂಪನಿಯ, ಕೋಡು ಮುಚ್ಚಿಟ್ಟ ಸಾಫ್ಟ್‌ವೇರ್, ಇನ್ನೊಂದು ಫಿಂಗರ್‌ಹುಟ್. ಆಯ್ಕೆ ಮಾಡಬೇಕಾದ ಅಧಿಕಾರಿ ಥಾಲ್‌ಹೈಮ್ ಎಂಬ ನಲವತ್ತರ ಮನುಷ್ಯ. ಅವರ ಒಲವು ನಾಯ್ಬರ್ಟ್ ಕಡೆಗೇ ಇತ್ತು. ಬಿಚ್ಚಿಟ್ಟ ಕೋಡು, ಮುಂದೆ ನಮ್ಮವರೇ ನೋಡಿಕೊಳ್ಳಬಹುದು ಎಂದು ಬರೆದಿದ್ದರು. ಒಂದೇ ಷರತ್ತು: ಖಾಲಿ ಯಂತ್ರವೊಂದರಲ್ಲಿ, ನಾಯ್ಬರ್ಟ್ ಮುಟ್ಟದೆ, ಸೋರ್ಸಿನಿಂದ ಕಟ್ಟಿ ನೋಡಬೇಕು.

ನಾಯ್ಬರ್ಟ್ ಅವರಿಗೆ ಅದಕ್ಕಿಂತ ಸಂತೋಷದ ಷರತ್ತು ಇರಲಿಲ್ಲ. ಮಗ್ಗದ ಕೋಡು ಲಾರಿ ಹತ್ತಿದ ದಿನದಿಂದ ಅವರು ಕಾದದ್ದು ಇದಕ್ಕೇ. ತಾವಿಲ್ಲದೆ ತಮ್ಮ ಕೆಲಸ ನಡೆಯುತ್ತದೆ ಎಂದು ಎಲ್ಲರ ಮುಂದೆ ತೋರಿಸುವುದು. ಆ ಶನಿವಾರ ಕೋಟು ಇಸ್ತ್ರಿಯಾಗಿತ್ತು.

ಸಿಲ್ಕೆ ಶಾಲೆಯಿಂದ ಹೊಸ ಕಂಪ್ಯೂಟರ್ ತಂದಿಟ್ಟಿದ್ದರು. ಥಾಲ್‌ಹೈಮ್ ಅದರ ಮುಂದೆ ಕೂತರು. "ನೀವು ಆ ಕಡೆ ಕೂತ್ಕೊಳ್ಳಿ ನಾಯ್ಬರ್ಟ್ ಅವರೇ. ಮುಟ್ಟಬಾರ್ದು."

"ಮುಟ್ಟೋದೇ ಬೇಡ. ನಾನು ಬೇಕಾಗೇ ಇಲ್ಲ, ಅದೇ ಇದರ ವಿಶೇಷ."

"ಕೇಕಾದ್ರೂ ಮುಟ್ಟಿ, ಇವತ್ತೊಂದಿನ," ಅಂದರು ಸಿಲ್ಕೆ.

ಅವತ್ತು ಮೊದಲ ಸಲ ನಾಯ್ಬರ್ಟ್ ತಟ್ಟೆ ತೆಗೆದುಕೊಂಡರು. ಮೊಣಕಾಲ ಮೇಲೆ ತಟ್ಟೆ ಇಟ್ಟುಕೊಂಡು ಕೂತರು. ಮೊದಲ ಆಜ್ಞೆ ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ಸಾಲುಗಳು ಓಡಿ, ಓಡಿ, ತಟಕ್ಕನೆ ನಿಂತವು. ಕೆಂಪು ಅಕ್ಷರ. ಟ್ಯಾಬ್2 ಸಿಗಲಿಲ್ಲ.

"ಯಂತ್ರದ ತೊಂದರೆ," ಅಂದರು ನಾಯ್ಬರ್ಟ್.

"ನಿನ್ನೆ ಪೆಟ್ಟಿಗೆಯಿಂದ ತೆಗ್ದಿದ್ದು," ಅಂದರು ಸಿಲ್ಕೆ. "ಒಳಗೆ ಏನೂ ಇಲ್ಲ, ತೊಂದರೆ ಎಲ್ಲಿಂದ ಬರ್ಬೇಕು?"

"ನನ್ನಲ್ಲಿ ಆಗುತ್ತೆ."

ಎದ್ದು ಹೋಗಿ ತಮ್ಮ ಡೆಸ್ಕ್‌ಟಾಪಿನಲ್ಲಿ ಅದೇ ಆಜ್ಞೆ ಕೊಟ್ಟರು. ಅಲ್ಲಿ ಓಡಿತು. ಇಲ್ಲಿ ನಿಂತಿತ್ತು. ಎರಡು ಯಂತ್ರಗಳ ನಡುವೆ ಅವರು ತಟ್ಟೆ ಹಿಡಿದುಕೊಂಡೇ ನಿಂತರು. ಆ ಮುಖವನ್ನು ನಾನು ಮರೆತಿಲ್ಲ. ಲೆಕ್ಕ ತಪ್ಪಿದವನ ಮುಖವಲ್ಲ ಅದು. ತನ್ನ ಮನೆಗೇ ದಾರಿ ತಪ್ಪಿದವನದು.

ನಾಯ್ಬರ್ಟ್ ಅವರ ಡೆಸ್ಕ್‌ಟಾಪಿನಲ್ಲಿ ಸಿಲ್ಕೆ ಆ ಹೆಸರನ್ನು ಹುಡುಕಿದರು. ಒಂದು ನಿಮಿಷವೂ ಆಗಲಿಲ್ಲ. ಕಂಪೈಲ್ ಮಾಡುವ ಯಂತ್ರ ಯಾರೂ ಹೇಳದೆಯೇ ಇಣುಕಿ ನೋಡುವ ಒಂದು ಫೋಲ್ಡರ್ ಇರುತ್ತದಂತೆ. ಹನ್ನೊಂದು ವರ್ಷದ ಹಿಂದೆ ನಾಯ್ಬರ್ಟ್ ಅದರೊಳಗೆ ಕೈಯಾರೆ ಆ ಫೈಲನ್ನು ಹಾಕಿ ಮರೆತುಬಿಟ್ಟಿದ್ದರು. ಡಿಸ್ಕಿನಿಂದ ಡಿಸ್ಕಿಗೆ ಅದೂ ಜೊತೆಗೇ ಬಂದಿತ್ತು. ಎಲ್ಲರಿಗೂ ಕೊಡುವ ಸೋರ್ಸಿನೊಳಕ್ಕೆ ಮಾತ್ರ ಯಾವತ್ತೂ ಸೇರಿರಲಿಲ್ಲ. ಈ ಭೂಮಿಯ ಮೇಲೆ ಫಿಂಗರ್‌ಹುಟ್ ಕಟ್ಟಬಲ್ಲ ಯಂತ್ರ ಒಂದೇ ಒಂದಿತ್ತು, ನನ್ನ ನೆಲಮಾಳಿಗೆಯಲ್ಲಿ.

ಸಿಲ್ಕೆ ಫೈಲು ತೆರೆದರು. ಮುನ್ನೂರು ಚಿಲ್ಲರೆ ಸಾಲಿನ ಸಂಕ್ಷೇಪಗಳ ಪಟ್ಟಿ. ಮೇಲೆ ಒಂದು ಸಾಲು. ಗಟ್ಟಿಯಾಗಿ ಓದಿದರು, ಆಮೇಲೆ ಯಾಕೆ ಓದಿದೆನೋ ಎನ್ನುವಂತೆ ಬಾಯಿ ಮುಚ್ಚಿಕೊಂಡರು:

"ರೋಸ್‌ವಿಟಾ ಕ್ಲೆಮ್, ಅನ್ನಾಬೆರ್ಗ್, ಫೆಬ್ರವರಿ 2004. ಎಲ್ಲರಿಗೂ ಹಂಚಿ. ತಪ್ಪಿದ್ದರೆ ತಿದ್ದಿ."

ಫಿಂಗರ್‌ಹುಟ್‌ನ ಕರ್ತೃಗಳ ಪುಟದಲ್ಲಿ ಇದ್ದುದು ಒಂದೇ ಹೆಸರು. ಅದು ಕ್ಲೆಮ್ ಅಲ್ಲ.

"ಇದನ್ನ ಸೇರ್ಸೋಕೆ ಎಷ್ಟೊತ್ತು ಬೇಕು?" ಕೇಳಿದರು ಥಾಲ್‌ಹೈಮ್.

"ಹತ್ತು ನಿಮಿಷ," ಅಂದರು ನಾಯ್ಬರ್ಟ್.

ಥಾಲ್‌ಹೈಮ್ ತಲೆಯಾಡಿಸಿ, ದೂರುಗಳ ಪುಟ ತೆರೆದು ಮೇಲಿನಿಂದ ಕೆಳಗೆ ಓದುತ್ತ ಹೋದರು. "ಈ ದೂರು ಬರೆದಿರೋ ಕ್ಲೆಮ್, ಆ ಪಟ್ಟಿ ಕೊಟ್ಟವರೇನಾ?"

ಹೌದು ಅಂದದ್ದು ಸಿಲ್ಕೆ.

"ಫೈಲ್ ಮರೆತಿದ್ದು ದೊಡ್ಡ ವಿಷಯ ಅಲ್ಲ ನಾಯ್ಬರ್ಟ್ ಅವರೇ, ನಾನೂ ಮರೀತೀನಿ. ಆದ್ರೆ ನಾಳೆ ನಮ್ಮ ಶಾಲೆಯವರು ಯಾರಾದ್ರೂ ಬರೆದ್ರೆ ಅವರಿಗೂ ಇದೇ ಉತ್ತರ ಬರುತ್ತಲ್ಲ. ಅದನ್ನ ಹತ್ತು ನಿಮಿಷದಲ್ಲಿ ಸರಿ ಮಾಡೋಕಾಗಲ್ಲ."

ಥಾಲ್‌ಹೈಮ್ ಕೋಟು ಹಾಕಿಕೊಂಡು, ಎಲ್ಲರ ಕೈ ಕುಲುಕಿ ಹೋದರು. ನಡಾವಳಿ ಪುಸ್ತಕದಲ್ಲಿ ಸಿಲ್ಕೆ ಆವತ್ತು ಏನೂ ಬರೆಯಲಿಲ್ಲ. ಮೂರು ವಾರಕ್ಕೆ ತೀರ್ಮಾನ ಬಂತು. ಕಂಪನಿಯದ್ದನ್ನು ಆರಿಸಿದ್ದರು.

ಮಾರ್ಚ್ ತಿಂಗಳಲ್ಲಿ ನಾಯ್ಬರ್ಟ್ ನನ್ನ ಬಾಗಿಲು ತಟ್ಟಿ, "ಅನ್ನಾಬೆರ್ಗ್‌ಗೆ ಬಿಡ್ತೀರಾ?" ಎಂದು ಕೇಳಿದರು. ಅವರು ಕಾರು ಓಡಿಸುವವರಲ್ಲ. ಗುಡ್ಡ ಹತ್ತುವಾಗ ರಸ್ತೆಯ ಎರಡೂ ಕಡೆ ಕೊಳಕು ಹಿಮ.

ಕ್ಲೆಮ್ ಅವರ ಮುದ್ರಣಾಲಯದಲ್ಲಿ ಯಂತ್ರ ಧಡಧಡ ಹೊಡೆಯುತ್ತಿತ್ತು. ನಾಯ್ಬರ್ಟ್ ಹೊಸ್ತಿಲಲ್ಲೇ ನಿಂತರು.

"ಯಾರದು ಬಾಗಿಲಲ್ಲಿ? ಒಳಗೆ ಬನ್ನಿ, ಇಲ್ಲ ಹೊರಗೆ ಹೋಗಿ. ಚಳಿ ಬರ್ತಿದೆ."

"ನಾಯ್ಬರ್ಟ್."

ಕ್ಲೆಮ್ ಯಂತ್ರ ನಿಲ್ಲಿಸಿದರು. ನಾಯ್ಬರ್ಟ್ ನಿಂತುಕೊಂಡೇ, ವರದಿ ಒಪ್ಪಿಸುವ ಹಾಗೆ, ಪಟ್ಟಿಯ ಕತೆಯನ್ನು ಹೇಳಿದರು. ಫ್ಲಾಪಿ ಬಂದದ್ದು, ಹೆಸರು ಬದಲಿಸಿ ಫೋಲ್ಡರಿಗೆ ಹಾಕಿದ್ದು, ಮರೆತದ್ದು. ಕ್ಷಮಿಸಿ ಅನ್ನುವ ಪದ ಅದರಲ್ಲಿ ಎಲ್ಲಿ ಬಂತೋ ನನಗೆ ಕೇಳಿಸಲಿಲ್ಲ, ಬಂದಿರಲಿಕ್ಕೂ ಸಾಕು.

"ಅಂದ್ರೆ," ಅಂದರು ಕ್ಲೆಮ್, "ನಾನು ಆರು ವರ್ಷ ಬಾಯಿ ಬಡ್ಕೊಂಡಿದ್ದು ನನ್ನ ಪಟ್ಟಿಗೇ?"

"ಹೌದು."

ಕ್ಲೆಮ್ ಜೋರಾಗಿ ನಗತೊಡಗಿ ಅರ್ಧಕ್ಕೆ ನಿಲ್ಲಿಸಿದರು. ತಡಕಾಡದೆ ನೇರವಾಗಿ ಮೇಜಿನ ಕೆಳಗಿನ ಡ್ರಾಯರ್ ಎಳೆದು, ಒಂದು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟರು. "ನಿಮಗೆ ಕಳಿಸಿದ್ದರ ಜೋಡಿ ಇಲ್ಲೇ ಇತ್ತು. ಯಾವತ್ತೂ ಇಲ್ಲೇ ಇತ್ತು. 'ಟ್ಯಾಬ್2 ಅಂದ್ರೆ ಸಂಕ್ಷೇಪದ ಪಟ್ಟಿ' ಅಂತ ಒಂದು ಸಾಲು ಬರೆದಿದ್ರೆ ಅವತ್ತು ಸಂಜೆಗೇ ಮುಗೀತಿತ್ತು."

ನಾಯ್ಬರ್ಟ್ ಆ ಫ್ಲಾಪಿಯನ್ನು ಮುಟ್ಟಲಿಲ್ಲ. "ಈಗ ಎಲ್ಲ ಸೇರಿಸಿದೀನಿ. ನಿಮ್ಮ ಹೆಸರೂ ಇದೆ, ಮೊದಲು. ಒಂದ್ಸಲ ಕಟ್ಟಿ ನೋಡ್ತೀರಾ?"

ಕ್ಲೆಮ್ ಕಟ್ಟಿದರು. ಸಾಲುಗಳನ್ನು ಅವರ ಲ್ಯಾಪ್‌ಟಾಪ್ ಚುರುಕು ದನಿಯಲ್ಲಿ ಓದಿ ಹೇಳುತ್ತಿತ್ತು. ಎಲ್ಲೂ ನಿಲ್ಲಲಿಲ್ಲ. ಆಮೇಲೆ ಆ ಬೆಸುಗೆಯ ತಪ್ಪನ್ನು ತಿದ್ದಿ ಮತ್ತೆ ಕಟ್ಟಿದರು. ತಿದ್ದುವುದಕ್ಕೆ ಅವರಿಗೆ ಹಿಡಿದದ್ದು ನಾಲ್ಕು ನಿಮಿಷ. ಒಂದು ಹಾಳೆ ಮುದ್ರಿಸಿ, ಬೆರಳು ಆಡಿಸಿ, "ಈಗ ಸರಿ," ಅಂದರು.

ಹಾಳೆಯನ್ನು ನಾಯ್ಬರ್ಟ್ ಇದ್ದ ಕಡೆಗೆ ಚಾಚಿದರು. "ಇದನ್ನ ಯಾರಿಗೆ ಕೊಡ್ಲಿ ಈಗ? ನನಗೆ ಬರೋದು ಕಂಪನಿಯವರ ಸಿದ್ಧ ಫೈಲು. ಒತ್ತೋದಷ್ಟೇ ನನ್ನ ಕೆಲಸ. ಅವರದ್ರಲ್ಲೂ ಇದೇ ತಪ್ಪಿದೆ, ಗೊತ್ತಾ? ಬರೆದೆ. ಒಳಗೆ ತೋರ್ಸೋ ಹಾಗಿಲ್ಲ ಅಂದ್ರು. ಉತ್ತರ ನಿಮ್ಮದಕ್ಕಿಂತ ಮರ್ಯಾದೆಯಾಗಿತ್ತು."

ಯಂತ್ರದ ಪಕ್ಕ ಎರಡನೇ ತರಗತಿಯ ಪುಸ್ತಕಗಳನ್ನು ಎದೆಯೆತ್ತರಕ್ಕೆ ಪೇರಿಸಿದ್ದರು. ಪ್ರತಿಯೊಂದರಲ್ಲೂ ಆ ತಪ್ಪು ಇತ್ತು. ನಾಯ್ಬರ್ಟ್ ಮೇಲಿನದನ್ನು ತೆರೆದು ಕೈಯಿಟ್ಟರು. ಇಪ್ಪತ್ತು ವರ್ಷ ಚುಕ್ಕಿಗಳ ಕೆಲಸ ಮಾಡಿದ ಮನುಷ್ಯ. ಬೆರಳಿನಿಂದ ಓದಲು ಅವರಿಗೆ ಬರುವುದಿಲ್ಲ ಎಂದು ನನಗೆ ತಿಳಿದದ್ದು ಆಗ. ಸಾಲನ್ನು ಹುಡುಕುತ್ತಿದ್ದರು, ಸಿಗುತ್ತಿರಲಿಲ್ಲ.

"ಎಲ್ಲಿದೆ ತಪ್ಪು?" ಕೇಳಿದರು. ಅವರು ಇನ್ನೊಬ್ಬರನ್ನು ಹಾಗೆ ಕೇಳಿದ್ದನ್ನು ನಾನು ಮೊದಲ ಸಲ ಕೇಳಿದೆ.

"ಯಂತ್ರ ಶುರು ಮಾಡ್ಬೇಕು ನಾನು," ಅಂದರು ಕ್ಲೆಮ್. "ಸೋಮವಾರಕ್ಕೆ ಕೊಡ್ಬೇಕು ಇವನ್ನ."

ನಾಯ್ಬರ್ಟ್ ಅವರನ್ನು ಕೆಟ್ಟವರೆಂದು ನಾನು ಹೇಳಲಾರೆ. ಆಮೇಲೆ ಬೇರೆ ಕಡೆಯೂ ಇಂಥವರನ್ನು ಕಂಡಿದ್ದೇನೆ, ಕೋಡಿನ ಕೆಲಸದಲ್ಲಿ ಮಾತ್ರವಲ್ಲ. ಕೊಡುವುದರಲ್ಲಿ ಇವರದ್ದು ದೊಡ್ಡ ಕೈ. ಆಯುಷ್ಯದ ಶನಿವಾರಗಳನ್ನೆಲ್ಲ ಗುರುತಿಲ್ಲದ ಜನಕ್ಕೆ ಕೊಟ್ಟುಬಿಡುತ್ತಾರೆ, ಒಂದು ಕಾಸು ಕೇಳುವುದಿಲ್ಲ. ಆದರೆ ಕೊಟ್ಟದ್ದು ಸರಿಯಿಲ್ಲ ಎಂಬ ಮಾತನ್ನು ತಾಳಲಾರರು. ಸದ್ದಿಲ್ಲದೆ ತೆಗೆದುಕೊಂಡು ಹೋದ ಸಾವಿರ ಜನರನ್ನು ತಮ್ಮವರೆಂದು ತಿಳಿಯುತ್ತಾರೆ. ಇದು ಇಲ್ಲಿ ಮುರಿದಿದೆ ಎಂದು ಹಿಂದಿರುಗಿ ಬಂದ ಒಬ್ಬರನ್ನು ಪೀಡೆ ಎಂದು ತಿಳಿಯುತ್ತಾರೆ. ಆ ಸಾವಿರ ಜನರಲ್ಲಿ ತಮ್ಮ ಕೆಲಸವನ್ನು ನಿಜವಾಗಿ ಕೈಗೆತ್ತಿಕೊಂಡವರು ಆ ಒಬ್ಬರೇ ಎಂದು ಇವರಿಗೂ ಒಂದು ದಿನ ಗೊತ್ತಾಗುತ್ತದೆ. ಅಷ್ಟರಲ್ಲಿ ಆ ಒಬ್ಬರು ಹೇಳುವುದನ್ನು ನಿಲ್ಲಿಸಿರುತ್ತಾರೆ.